ಒಪ್ಪಿಗೆ ಚೀಟಿ ಬರುವವರೆಗೆ

ಮನೆಯಿಂದ,
ಭಾನುವಾರ, ತಾರೀಖು ಹದಿನಾರು, ಮಧ್ಯಾಹ್ನ ಮೂರು ಗಂಟೆ

ಪ್ರೀತಿಯ ಮಗಳೇ,

ಸೊಸೆ ಎಂದು ಬರೆಯಲು ಹೋಗಿ ಪೆನ್ನು ನಿಂತಿತು. ನೀನೀಗ ಇನ್ನೊಂದು ಮನೆಯ ಸೊಸೆ. ಆ ಮನೆಗೆ ನಿನ್ನನ್ನು ಕೈಯಾರೆ ಕಳಿಸಿಕೊಟ್ಟವಳೇ ನಾನು, ಈಗ ಹಳೆಯ ಹೆಸರಿನಿಂದ ಕೂಗುವುದು ಸರಿಯಲ್ಲ. ಆದ್ದರಿಂದ ಮಗಳೇ ಎಂದಿದ್ದೇನೆ. ಬೇಡವೆನಿಸಿದರೆ ಹೊಡೆದುಹಾಕಿ ಮುಂದೆ ಓದು. ಹೇಗಿದ್ದೀಯ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯಾ, ಇಲ್ಲ ಇಲ್ಲಿದ್ದ ಹಾಗೆಯೇ ಎಲ್ಲರಿಗೂ ಬಡಿಸಿ ಕೊನೆಗೆ ಪಾತ್ರೆಯ ತಳ ಕೆರೆದುಕೊಂಡು ಏಳುತ್ತೀಯಾ? ಮೊಮ್ಮಗಳು ಚಿಣ್ಣಿಯ ಕಿವಿನೋವು ವಾಸಿಯಾಯಿತೇ? ತಣ್ಣೀರಿನಲ್ಲಿ ತಲೆ ನೆನೆಸಿಕೊಳ್ಳಲು ಬಿಡಬೇಡ. ಅವಳು ಹಟ ಮಾಡಿದರೆ ನಿನ್ನಂಥ ಹತ್ತು ಜನ ಸಾಲುವುದಿಲ್ಲ ಎಂದು ಗೊತ್ತು. ನಿನ್ನ ಯಜಮಾನರೂ ಅವರ ತಂದೆಯೂ ಆರೋಗ್ಯವಾಗಿದ್ದಾರೆಂದು ಭಾವಿಸಿದ್ದೇನೆ. ನಾನು ಗಟ್ಟಿಯಾಗಿದ್ದೇನೆ. ಮಂಡಿ ಮಾತ್ರ ಮೆಟ್ಟಿಲು ಕಂಡರೆ ಗೊಣಗುತ್ತದೆ. ನಿನ್ನ ನಾಲ್ಕು ಪತ್ರಗಳೂ ತಲುಪಿವೆ. ಒಂದಕ್ಕೂ ಉತ್ತರ ಬರೆಯಲಿಲ್ಲ. ಯಾಕೆಂದು ಹೇಳಲಿಕ್ಕೇ ಇವತ್ತು ಕುಳಿತಿದ್ದೇನೆ, ಆದರೆ ನೆಟ್ಟಗೆ ವಿಷಯಕ್ಕೆ ಬರುವುದು ನನ್ನ ಜಾಯಮಾನವಲ್ಲ ಎಂದು ನಿನಗೆ ಗೊತ್ತಲ್ಲ, ಕಾರ್ಖಾನೆಯ ಸುದ್ದಿಯಿಂದಲೇ ಶುರು ಮಾಡುತ್ತೇನೆ.

ಅದಕ್ಕೂ ಮೊದಲು ಮನೆಯ ಸುದ್ದಿ. ಮನೆ ಇದ್ದ ಹಾಗೇ ಇದೆ, ಅದೇ ತೊಂದರೆ. ಬೆಳಿಗ್ಗೆ ಇಟ್ಟ ಲೋಟ ಸಂಜೆ ಬಂದಾಗಲೂ ಅಲ್ಲೇ ಇರುತ್ತದೆ. ಒಬ್ಬಳಿಗೆ ಅಡುಗೆ ಮಾಡುವ ಅಳತೆ ಇನ್ನೂ ಕೈಗೆ ಕೂತಿಲ್ಲ, ದಿನವೂ ಮಿಕ್ಕುತ್ತದೆ, ಮಿಕ್ಕಿದ್ದನ್ನೇ ಮರುದಿನ ತಿನ್ನುತ್ತೇನೆ. ಪಕ್ಕದ ಮನೆಯವರ ರೇಡಿಯೋ ಗೋಡೆಯ ಮೂಲಕ ಕೇಳುತ್ತದೆ. ಮೊದಲು ಬೈಯುತ್ತಿದ್ದೆ, ಈಗ ಅವರು ಊರಿಗೆ ಹೋದರೆ ಯಾವಾಗ ಬರುತ್ತಾರೋ ಎಂದು ಕಾಯುತ್ತೇನೆ. ನಾನು ಗೋಡೌನಿನಿಂದ ತಂದುಕೊಡುತ್ತಿದ್ದ ‘ಒಡೆಯುವ ವಸ್ತು, ಜೋಪಾನ’ ಎನ್ನುವ ಅಂಟುಚೀಟಿಗಳನ್ನು ಚಿಣ್ಣಿ ಕಪಾಟಿಗೆ, ಕುರ್ಚಿಗೆ, ಬಕೆಟ್ಟಿಗೆ ಎಲ್ಲ ಅಂಟಿಸಿದ್ದಳಲ್ಲ, ಅವು ಹಾಗೇ ಇವೆ. ಕೀಳಲು ಹೋದರೆ ಬಣ್ಣವೇ ಎದ್ದು ಬರುತ್ತದೆ ಎಂಬ ನೆಪ ಹೇಳಿಕೊಂಡು ಬಿಟ್ಟಿದ್ದೇನೆ.

ಇನ್ನು ಕಾರ್ಖಾನೆ. ನೀನು ಊಟದ ಡಬ್ಬಿ ತಂದುಕೊಡುತ್ತಿದ್ದ ಆ ಹಿಂಬಾಗಿಲಿನಲ್ಲೇ ನಾನಿನ್ನೂ ಕೂರುತ್ತೇನೆ. ಛತ್ರಿಗೆ ಬೇಕಾದ ಬಟ್ಟೆ, ಕಡ್ಡಿ, ಸ್ಪ್ರಿಂಗು, ಹಿಡಿ ಎಲ್ಲ ಒಳಗೆ ಬರುವುದು ಅದೇ ಬಾಗಿಲಿನಿಂದ. ಇಪ್ಪತ್ತಾರು ವರ್ಷದಿಂದ ಅದಕ್ಕೊಂದು ಹೊತ್ತುಗೊತ್ತು ಇರಲಿಲ್ಲ. ಬಟ್ಟೆಯವರು ನಾನು ಬೀಗ ತೆಗೆಯುವ ಮೊದಲೇ ಬಂದು ನಿಂತಿರುತ್ತಿದ್ದರು, ಕಡ್ಡಿಯ ಲಾರಿ ಸರಿಯಾಗಿ ಊಟಕ್ಕೆ ಕೂತಾಗ ಬರುತ್ತಿತ್ತು. ಯಾವ ಪೆಟ್ಟಿಗೆಯಲ್ಲಿ ಏನಿದೆ ಎಂದು ತಿಳಿಯಬೇಕಾದರೆ ಬಿಚ್ಚಿಯೇ ನೋಡಬೇಕು. ಹೀಗೇ ನಡೆಯುತ್ತಿತ್ತು, ಎರಡು ತಿಂಗಳ ಹಿಂದಿನವರೆಗೆ. ಆ ದಿನ ಮೂಟೆ ಇಳಿಸುವ ಉದ್ದಣ್ಣ, ಅದೇ ಚಿಣ್ಣಿಯನ್ನು ಹೆಗಲ ಮೇಲೆ ಕೂರಿಸಿಕೊಂಡು ತಾರಸಿ ಮುಟ್ಟಿಸುತ್ತಿದ್ದನಲ್ಲ, ಅವನು ಒಂದು ರಟ್ಟಿನ ಪೆಟ್ಟಿಗೆಯನ್ನು ಬಟ್ಟೆಯದ್ದೆಂದು ಹಗುರಾಗಿ ಎತ್ತಿದ. ಒಳಗಿದ್ದದ್ದು ಕಬ್ಬಿಣದ ಕಡ್ಡಿ. ಮೇಲೆ ತೂಕವಿಲ್ಲ, ಹೆಸರಿಲ್ಲ. ತಳ ಹರಿದು ಅಷ್ಟೂ ಅವನ ಪಾದದ ಮೇಲೆ ಬಿತ್ತು. ಎರಡು ಬೆರಳು ಮುರಿದವು. ಹೆದರಬೇಡ, ಈಗ ನಡೆದಾಡುತ್ತಾನೆ, ಸ್ವಲ್ಪ ಓರೆಯಾಗಿ.

ಕಾರ್ಖಾನೆಯ ಚಿಕ್ಕ ಯಜಮಾನರು ಮರುದಿನವೇ ನನ್ನನ್ನು ಕರೆದು, ಸರಕು ಕಳಿಸುವವರಿಗೆಲ್ಲ ಒಂದು ನಿಯಮಾವಳಿ ಆಗಬೇಕು, ಬಾಗಿಲಲ್ಲಿ ನಿಲ್ಲುವವರು ನೀವು, ನೀವೇ ಬರೆಯಿರಿ, ಒಂದು ಹಾಳೆ ಮೀರಿದರೆ ಯಾರೂ ಓದುವುದಿಲ್ಲ ಎಂದರು. ನಾನು ಬರೆಯುವುದೇ? ಅಂಗಡಿಯ ಪಟ್ಟಿಯನ್ನು ಕೂಡ ನಾನು ಹೇಳಿ ನಿನ್ನಿಂದ ಬರೆಸುತ್ತಿದ್ದವಳು. ಮೂರು ಸಂಜೆ ಮನೆಯಲ್ಲಿ ನೀನು ಕೂರುತ್ತಿದ್ದ ಜಾಗದಲ್ಲೇ ಕುಳಿತು ಹರಿದು ಹರಿದು ಬರೆದೆ. ಒಂದು ಪೆಟ್ಟಿಗೆ ಇಪ್ಪತ್ತು ಕಿಲೋ ಮೀರಬಾರದು, ತೂಕವನ್ನು ಎರಡು ಬದಿಯಲ್ಲೂ ದಪ್ಪಕ್ಷರದಲ್ಲಿ ಬರೆದಿರಬೇಕು. ಒಂದು ಪೆಟ್ಟಿಗೆಯಲ್ಲಿ ಒಂದೇ ಬಗೆಯ ವಸ್ತು, ಅದರ ಪಟ್ಟಿ ಹೊರಗೆ ಅಂಟಿಸಿರಬೇಕು. ಗೋಣಿಚೀಲ ನಡೆಯುವುದಿಲ್ಲ. ಒಂಬತ್ತರಿಂದ ಒಂದರ ಒಳಗೆ, ಕೊಟ್ಟ ಹೊತ್ತಿಗೇ ಬರಬೇಕು. ಎರಡು ದಿನ ಮೊದಲೇ ಏನು ತರುತ್ತೀರಿ, ಎಷ್ಟು ತರುತ್ತೀರಿ ಎಂದು ಬರೆದು ಗೇಟಿನ ತಗಡಿನ ಡಬ್ಬಿಗೆ ಹಾಕಬೇಕು. ನಾವು ಒಪ್ಪಿಗೆ ಚೀಟಿ ಕಳಿಸುವವರೆಗೆ ಸರಕು ತರಬಾರದು. ಈ ಕೊನೆಯದನ್ನು ಬರೆದಾಗ ನನಗೇ ಬೆನ್ನು ತಟ್ಟಿಕೊಳ್ಳಬೇಕೆನಿಸಿತು. ಚಿಕ್ಕ ಯಜಮಾನರು ಓದಿ, ಒಂದಕ್ಷರ ತಿದ್ದದೆ ರುಜು ಹಾಕಿದರು. ಮೂಗಿಗಿಂತ ಮೂಗುತಿ ಭಾರ ಆಗುತ್ತೆ ನೋಡಿ ಎಂದು ಉದ್ದಣ್ಣ, ಕಾಲಿಗೆ ಪಟ್ಟಿ ಕಟ್ಟಿಕೊಂಡು ಕುಳಿತಿದ್ದವನೇ, ನಕ್ಕ. ನಿನ್ನ ಕಾಲಿಗಾಗಿಯೇ ಬರೆದದ್ದಯ್ಯಾ ಎಂದು ಅವನ ಬಾಯಿ ಮುಚ್ಚಿಸಿದೆ.

ನಿಯಮ ಕೆಲಸ ಮಾಡಿತು, ಸುಳ್ಳು ಹೇಳುವುದಿಲ್ಲ. ಹದಿನೈದು ದಿನದಲ್ಲಿ ಬಾಗಿಲ ಮುಂದೆ ಗದ್ದಲ ನಿಂತಿತು. ಪೆಟ್ಟಿಗೆಗಳು ಶಾಲೆಯ ಮಕ್ಕಳ ಹಾಗೆ ಹೆಸರು ಬರೆದುಕೊಂಡು ಸಾಲಾಗಿ ಬಂದವು. ಕಡ್ಡಿಯ ಲಾರಿಯ ಡ್ರೈವರ್ ಮಾತ್ರ, ಅಮ್ಮಾ, ನಿಮ್ಮ ಗೇಟಿಗಿಂತ ಜೈಲಿನ ಗೇಟು ವಾಸಿ, ಅಲ್ಲಿ ಕರೆದು ಒಳಗೆ ಹಾಕ್ಕೊಳ್ತಾರೆ ಎಂದ. ಆದರೆ ಒಂದು ಗಂಟೆಯಾದ ಮೇಲೆ ಬಾಗಿಲು ಎಳೆದುಬಿಟ್ಟರೆ ಸಂಜೆಯವರೆಗೆ ಒಂದು ನರಪಿಳ್ಳೆಯಿಲ್ಲ. ಮೊದಲು ಸರಕು ಇಳಿಯುವವರೆಗೆ ಎಲ್ಲರೂ ನನ್ನ ಬೆಂಚಿನ ಮೇಲೆ ಕೂರುತ್ತಿದ್ದರು. ಒಬ್ಬನ ಮಗಳಿಗೆ ಕೆಲಸ ಸಿಕ್ಕಿದ್ದು, ಇನ್ನೊಬ್ಬನ ಹೆಂಡತಿ ಮುನಿಸಿಕೊಂಡದ್ದು, ಎಲ್ಲ ನನ್ನ ಕಿವಿಗೆ ಬೀಳುತ್ತಿತ್ತು. ನಿನ್ನ ಸುದ್ದಿಯನ್ನೂ ಕೇಳುತ್ತಿದ್ದರು, ನಾನು ಏನಾದರೊಂದು ಕಟ್ಟಿ ಹೇಳುತ್ತಿದ್ದೆ. ಈಗ ಇಳಿಸಿ, ರುಜು ಹಾಕಿಸಿಕೊಂಡು, ಹತ್ತು ನಿಮಿಷದಲ್ಲಿ ಹೊರಟುಬಿಡುತ್ತಾರೆ, ಹಿಂದೆ ಇನ್ನೊಬ್ಬರ ಸರದಿ ಇರುತ್ತದಲ್ಲ. ದಿನಕ್ಕೆ ನಾನು ಆಡುತ್ತಿದ್ದ ಮಾತೆಲ್ಲ ಅವರ ಜೊತೆಗೇ ಆಡುತ್ತಿದ್ದದ್ದು ಎಂದು ಅವರು ಕೂರದೆ ಹೋದ ಮೇಲೆ ಗೊತ್ತಾಯಿತು.

ಹಿಡಿ ಅಜ್ಜ ನೆನಪಿದ್ದಾರಲ್ಲ? ಮರದ ಹಿಡಿ ಕಡೆದು, ಮೂರು ಗಾಲಿಯ ತುಳಿಯುವ ಗಾಡಿಯಲ್ಲಿ ಗೋಣಿಚೀಲ ತುಂಬಿಕೊಂಡು ಪ್ರತಿ ಗುರುವಾರ ಬರುತ್ತಿದ್ದವರು. ಇಪ್ಪತ್ತೆರಡು ವರ್ಷದಲ್ಲಿ ಅವರ ಹಿಡಿ ಒಂದೂ ವಾಪಸು ಹೋದದ್ದಿಲ್ಲ. ನನ್ನ ಮಗ ತೀರಿಹೋದ ದಿನ ನಮ್ಮ ಮನೆಯ ಮುಂದೆ ಜನ ಕರಗಿದ ಮೇಲೂ ಎದುರು ಗೋಡೆಗೆ ಒರಗಿ ಒಬ್ಬರೇ ನಿಂತಿದ್ದವರು. ಅವರಿಗೂ ಹಾಳೆ ಕಳಿಸಿದ್ದೆ. ಆದರೂ ನಿಯಮ ಶುರುವಾದ ಮೊದಲ ಗುರುವಾರ, ಹನ್ನೊಂದು ಗಂಟೆಗೆ, ಹೇಳದೆ ಕೇಳದೆ, ಅದೇ ಗೋಣಿಚೀಲ ಹೇರಿಕೊಂಡು ಬಂದರು. ಹಿಂದೆ ಎರಡು ಲಾರಿಯವರು ನಿಂತು ನೋಡುತ್ತಿದ್ದಾರೆ. ಅವರಿಗೊಂದು ಇವರಿಗೊಂದು ಎಂದರೆ ನನ್ನ ಹಾಳೆಯನ್ನು ಯಾರೂ ಮೂಸಿಯೂ ನೋಡುವುದಿಲ್ಲ. ಎಲ್ಲರಿಗೂ ಒಂದೇ ಅಜ್ಜ, ವಾಪಸು ತಗೊಂಡು ಹೋಗಿ ಎಂದೆ. ಅವರು ವಾದಿಸಲಿಲ್ಲ. ಹಾಳೆಯನ್ನು ಇನ್ನೊಂದು ಸಲ ಕೇಳಿ ಇಸಿದುಕೊಂಡು, ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟು, ಸರಿಯಮ್ಮ ಎಂದು ಗಾಡಿ ತಿರುಗಿಸಿದರು. ತಿರುಗಿಸಲು ಜಾಗ ಸಾಲದೆ ಮೂರು ಸಲ ಹಿಂದೆ ಮುಂದೆ ಮಾಡಿದರು. ನಾನು ರುಜು ಹಾಕುವವಳ ಹಾಗೆ ತಲೆ ತಗ್ಗಿಸಿಕೊಂಡಿದ್ದೆ.

ಮುಂದಿನ ಗುರುವಾರ ಅವರು ಬರಲಿಲ್ಲ, ಅದರ ಮುಂದಿನದ್ದೂ ಇಲ್ಲ, ಅದರಾಚೆಯದ್ದೂ ಇಲ್ಲ. ಮುನಿಸಿಕೊಂಡಿದ್ದಾರೆ, ಸಿಟ್ಟು ಇಳಿದ ಮೇಲೆ ತಾವೇ ಬರುತ್ತಾರೆ ಎಂದುಕೊಂಡೆ. ನನಗೂ ಒಳಗೊಳಗೇ ಬಿಗುವಾಯಿತು. ಇಷ್ಟು ವರ್ಷದ ಪರಿಚಯ, ಒಂದು ಮಾತಿಗೆ ಇಷ್ಟು ಸೆಟೆದುಕೊಳ್ಳಬೇಕೇ? ಬೇಕಾದವರು ಅವರು, ಬರಲಿ. ಹೀಗೆ ನಾನು ಹೇಳಿಕೊಳ್ಳುತ್ತಿರುವಾಗ ಹಿಡಿಗಳು ಮುಗಿದವು. ನಾಲ್ಕನೆಯ ವಾರ ಜೋಡಿಸುವ ಹೆಂಗಸರು ಕೈಕಟ್ಟಿ ಕುಳಿತರು. ಮಳೆಗಾಲ ಬಾಗಿಲಿಗೆ ಬಂದಿದೆ, ಇನ್ನೂರು ಛತ್ರಿ ಹಿಡಿಯಿಲ್ಲದೆ ಬೋಳಾಗಿ ಗೋಡೆಗೆ ಒರಗಿವೆ. ಚಿಕ್ಕ ಯಜಮಾನರು ಬಂದು ನೋಡಿ, ಸೋಮವಾರದಿಂದ ಪ್ಲಾಸ್ಟಿಕ್ ಹಿಡಿಯವರಿಗೆ ಆರ್ಡರ್ ಹೋಗುತ್ತದೆ ಎಂದರು. ಅಜ್ಜ ಯಾಕೆ ಬರುತ್ತಿಲ್ಲ ಎಂದು ಕೇಳಿದರು. ಮುನಿಸು ಎಂದೆ. ಹಾಗೆ ಹೇಳುವಾಗ ನನ್ನ ದನಿಯೇ ನನಗೆ ಹಿಡಿಸಲಿಲ್ಲ.

ಕಳೆದ ಭಾನುವಾರ ಬೆಳಿಗ್ಗೆ ವಿಳಾಸ ಹುಡುಕಿಕೊಂಡು ಅವರ ಮನೆಗೆ ಹೋದೆ. ಬಸ್ಸು ರಿಪೇರಿ ಮಾಡುವ ಜಾಗದ ಹಿಂದೆ, ಗೋಡೆಗೆ ಗೋಡೆ ತಾಗಿದ ಸಾಲುಮನೆಗಳಲ್ಲಿ ಕೊನೆಯದು. ಬಾಗಿಲು ತೆರೆದೇ ಇತ್ತು. ಒಳಗೆ ಕಾಲಿಟ್ಟರೆ ಮರದ ಹೊಟ್ಟಿನ ವಾಸನೆ, ಮೂಲೆಯಲ್ಲಿ ಕಡೆಯುವ ಯಂತ್ರ, ಉಳಿದ ಜಾಗದಲ್ಲೆಲ್ಲ ನೆಲದಿಂದ ಕಿಟಕಿಯವರೆಗೆ ಪೆಟ್ಟಿಗೆ. ಅಂಗಡಿಗಳಿಂದ ಬೇಡಿ ತಂದ ಹಳೆಯ ರಟ್ಟುಗಳನ್ನು ಕತ್ತರಿಸಿ, ದಬ್ಬಳದಿಂದ ಹೊಲಿದು ತಾವೇ ಮಾಡಿದ ಪೆಟ್ಟಿಗೆಗಳು. ಎರಡು ಬದಿಯಲ್ಲೂ ತೂಕ, ಒಂದೂ ಇಪ್ಪತ್ತು ಕಿಲೋ ಮೀರಿಲ್ಲ. ಬಾಗಿದ ಹಿಡಿ ಬೇರೆ, ನೆಟ್ಟಗಿನದು ಬೇರೆ, ಮಕ್ಕಳ ಛತ್ರಿಯದು ಬೇರೆ. ಪ್ರತಿಯೊಂದರ ಮೇಲೂ ಪಟ್ಟಿ, ಒದ್ದೆಯಾಗದ ಹಾಗೆ ಪ್ಲಾಸ್ಟಿಕ್ ಹೊದಿಸಿ. ಅವರಿಗೆ ಮಲಗಲು ಉಳಿದದ್ದು ಪೆಟ್ಟಿಗೆಗಳ ನಡುವೆ ಚಾಪೆಯಗಲದ ಓಣಿ ಅಷ್ಟೆ. ನನ್ನನ್ನು ಕಂಡು ಗಡಿಬಿಡಿಯಿಂದ ಎದ್ದು, ಒಂದು ಪೆಟ್ಟಿಗೆಯ ಮೇಲಿನ ಧೂಳು ಒರೆಸಿ ಕೂರಿಸಿದರು, ನೀರು ಕೊಟ್ಟರು. ಮುಖದಲ್ಲಿ ಮುನಿಸಿನ ಎಳೆಯೂ ಇರಲಿಲ್ಲ.

ಇಷ್ಟೆಲ್ಲ ಸಿದ್ಧವಿಟ್ಟುಕೊಂಡು ಯಾಕೆ ತರಲಿಲ್ಲ ಎಂದು ಕೇಳಿದೆ. “ಚೀಟಿ ಬರಲಿಲ್ಲವಲ್ಲಮ್ಮ” ಎಂದರು. ಮೂರು ಸಲ ಬರೆದು ತಗಡಿನ ಡಬ್ಬಿಗೆ ಹಾಕಿದ್ದರಂತೆ. ಇಷ್ಟು ದೂರ ಗಾಡಿ ತುಳಿದುಕೊಂಡು ಗೇಟಿನವರೆಗೆ ಬಂದು, ಚೀಟಿ ಹಾಕಿ, ಒಳಗೆ ಇಣುಕದೆ ಹೋಗಿದ್ದಾರೆ. ನನಗೆ ಕೋಪವೇ ಬಂತು. ನಾಲ್ಕು ಹೆಜ್ಜೆ ಒಳಗೆ ಬಂದು ನನ್ನನ್ನೇ ಕೇಳಬಾರದಿತ್ತೇ, ನಾನೇನು ಹುಲಿಯೇ, ಕರಡಿಯೇ ಎಂದೆ. ಅವರು ಕೈಯಲ್ಲಿದ್ದ ಹಿಡಿಯನ್ನು ತಿಕ್ಕುತ್ತಲೇ ಹೇಳಿದರು: “ಬರಬೇಡ ಅಂದಿದ್ದು ನೀವು. ಬಾ ಅನ್ನೋದೂ ನೀವೇ ಅನ್ನಬೇಕಲ್ವಾ. ನಾನಾಗಿ ಬಂದು ನಿಂತ್ಕೊಂಡ್ರೆ ನಿಮ್ಮ ಮಾತು ಮೀರಿದ ಹಾಗಾಗುತ್ತೆ. ಅದಕ್ಕೇ ಕಾಯ್ತಾ ಇದ್ದೆ.” ಇಷ್ಟನ್ನೂ ದೂರಿನ ದನಿಯಲ್ಲಿ ಹೇಳಲಿಲ್ಲ. ದಿನಾ ಬೆಳಿಗ್ಗೆ ಚೀಟಿ ಬರಬಹುದೆಂದು ಗಾಡಿಗೆ ಎಣ್ಣೆ ಹಾಕಿಡುತ್ತಿದ್ದರಂತೆ.

ನೇರ ಕಾರ್ಖಾನೆಗೆ ಹೋದೆ. ಕಾವಲಿನವನಿಂದ ಗೇಟು ತೆಗೆಸಿ, ತಗಡಿನ ಡಬ್ಬಿಯ ಬೀಗದ ಕೈ ಹುಡುಕಿದರೆ ಅದು ನನ್ನ ಮೇಜಿನ ಖಾನೆಯಲ್ಲೇ ಇದೆ. ಉಳಿದವರೆಲ್ಲ ಫೋನಿನಲ್ಲೇ ಹೇಳಿಬಿಡುತ್ತಿದ್ದರು, ಅದಕ್ಕೇ ಆ ಡಬ್ಬಿಯ ನೆನಪೇ ಬಂದಿರಲಿಲ್ಲ. ಆಫೀಸಿನವರು ತೆಗೆಯುತ್ತಾರೆಂದು ನಾನು, ನಾನು ತೆಗೆಯುತ್ತೇನೆಂದು ಆಫೀಸಿನವರು. ನಿಯಮವನ್ನು ಬರೆದಂತೆಯೇ ಪಾಲಿಸಿದವರು ಊರಿಗೆಲ್ಲ ಆ ಅಜ್ಜ ಒಬ್ಬರೇ. ಒಳಗೆ ಅವರ ಮೂರು ಚೀಟಿ ಇದ್ದವು, ತುಕ್ಕಿನ ಕಲೆ ಹತ್ತಿ. ಮೊದಲ ಎರಡರಲ್ಲಿ ಬರೀ ಲೆಕ್ಕ. ಮೂರನೆಯದರ ಕೆಳಗೆ ಸಣ್ಣಕ್ಷರದಲ್ಲಿ, ‘ಮಳೆ ಹತ್ತಿರ ಬಂತು, ಹಿಡಿ ಬೇಡವೇ?’ ಎಂದಿತ್ತು. ಅಲ್ಲೇ ಗೇಟಿನ ಕಟ್ಟೆಯ ಮೇಲೆ ಕುಳಿತು ಅತ್ತುಬಿಟ್ಟೆ, ನಿನ್ನ ಮುಂದೆ ಒಪ್ಪಿಕೊಳ್ಳಲು ನಾಚಿಕೆಯಿಲ್ಲ. ಕಾವಲಿನವನು ಹೆದರಿ ಕುರ್ಚಿ ತಂದ.

ಮರುದಿನ ಒಂಬತ್ತು ಗಂಟೆಯ ಮೊದಲ ಸರದಿ ಅಜ್ಜನದ್ದು. ಉದ್ದಣ್ಣ ಓರೆಗಾಲಿನಲ್ಲೇ ಓಡಿಹೋಗಿ ಗಾಡಿ ತಳ್ಳಿದ. ಪೂರ್ತಿ ಸರಿಹೋಯಿತು ಎನ್ನಲಾರೆ. ಮಕ್ಕಳ ಛತ್ರಿಯ ಹಿಡಿಗೆ ಚಿಕ್ಕ ಯಜಮಾನರು ಶನಿವಾರವೇ ಪ್ಲಾಸ್ಟಿಕ್ಕಿನವರಿಗೆ ಮಾತು ಕೊಟ್ಟುಬಿಟ್ಟಿದ್ದರು, ಎಷ್ಟು ಗೋಗರೆದರೂ ಹಿಂದೆಗೆದುಕೊಳ್ಳಲಿಲ್ಲ. ಆ ಕೆಲಸ ಅಜ್ಜನ ಕೈಬಿಟ್ಟಿತು, ನನ್ನಿಂದ. ಅವರಿಗೆ ಹೇಳಿದಾಗ, ಸಣ್ಣ ಹಿಡಿ ಕಡೆಯೋಕೆ ಕಣ್ಣೂ ಸಾಲ್ತಿರಲಿಲ್ಲ ಬಿಡಿ ಎಂದರು. ಸುಳ್ಳು, ಆ ಪೆಟ್ಟಿಗೆಯನ್ನು ಬಿಚ್ಚಿ ನೋಡಿದ್ದೇನೆ, ಒಂದೊಂದೂ ಮುತ್ತಿನ ಹಾಗಿತ್ತು. ಹಾಳೆಯಲ್ಲಿ ಆ ಕೊನೆಯ ನಿಯಮವನ್ನು ಬದಲಿಸಿದೆ. ಎರಡು ದಿನದಲ್ಲಿ ನಮ್ಮಿಂದ ಉತ್ತರ ಬಾರದಿದ್ದರೆ ಒಪ್ಪಿಗೆಯೆಂದೇ ತಿಳಿದು ತರಬಹುದು. ಹೀಗೆ ಸಡಿಲಬಿಟ್ಟರೆ ಜನ ತಲೆ ಮೇಲೆ ಕೂರುತ್ತಾರೆ ಎಂದು ಚಿಕ್ಕ ಯಜಮಾನರು ಆಕ್ಷೇಪಿಸಿದರು. ಕೂರಲಿ ಎಂದೆ.

ಈಗ ನನ್ನ ವಿಷಯ. ಹದಿನಾಲ್ಕು ತಿಂಗಳ ಹಿಂದೆ ಬಸ್ಸು ಹತ್ತಿಸುವಾಗ ನಾನೇನೆಂದೆ, ನಿನಗೆ ಮರೆತಿರಲಾರದು. ಒಂದು ವರ್ಷ ಈ ಕಡೆ ತಲೆ ಹಾಕಬೇಡ, ಫೋನೂ ಬೇಡ, ಮಗು ಹೊಸ ಮನೆಗೆ ಒಗ್ಗಲಿ, ನೀನೂ ಒಗ್ಗು ಎಂದೆ. ನಮ್ಮ ಗೋಡೌನಿನ ತೂಕದ ಯಂತ್ರ ರಿಪೇರಿಗೆ ಬರುತ್ತಿದ್ದ ಒಳ್ಳೆಯ ಮನುಷ್ಯನನ್ನು ನಾನೇ ಅಳೆದು ಸುರಿದು ನೋಡಿ ನಿನಗೆ ಗಂಟುಹಾಕಿದವಳು, ಹಿಂದಿನ ಮನೆಯ ನೆರಳು ಅವನ ಮನೆಯ ಮೇಲೆ ಬೀಳಬಾರದೆಂದು ದೊಡ್ಡ ಮನಸ್ಸಿನ ಮಾತಾಡಿದೆ. ಊರೆಲ್ಲ ಹೊಗಳಿತು. ನಿಜ ಹೇಳಲೇ? ಚಿಣ್ಣಿಯ ದನಿ ಫೋನಿನಲ್ಲಿ ಕೇಳಿದರೆ, ವಾಪಸು ಬಂದುಬಿಡಿ ಎಂದು ನನ್ನ ಬಾಯಿಂದ ಬಂದೀತೆಂಬ ಭಯ. ಅದಕ್ಕೇ ನಿನ್ನ ಪತ್ರಗಳಿಗೂ ಉತ್ತರ ಬರೆಯಲಿಲ್ಲ. ವರ್ಷ ತುಂಬಿದ ದಿನ ಮನೆ ಸಾರಿಸಿ, ರಜೆ ಹಾಕಿ ಕುಳಿತಿದ್ದೆ. ನೀನು ಬರಲಿಲ್ಲ, ಫೋನೂ ಬರಲಿಲ್ಲ. ಮರುದಿನವೂ ಇಲ್ಲ. ಎರಡು ತಿಂಗಳಿನಿಂದ, ಮರೆತಳು, ಹೊಸ ಮನೆ ಸಿಕ್ಕಿತು, ಹಳೆಯ ಅತ್ತೆ ಯಾಕೆ ಬೇಕು ಎಂದು ನಿನ್ನ ಮೇಲೆ ಮುನಿಸಿಕೊಂಡು ಒಬ್ಬಳೇ ಕುಳಿತಿದ್ದೇನೆ. ಅಜ್ಜನ ಮಾತು ಕೇಳಿದ ಮೇಲೆ ನಾನು ಯಾವ ತಪ್ಪು ಮಾಡಿದೆನೆಂದು ತಿಳಿಯಿತು. ಬರಬೇಡ ಎಂದವಳು ನಾನು. ನನ್ನ ಮಾತನ್ನು ನೀನು ಎಂದೂ ಮೀರಿದವಳಲ್ಲ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುತ್ತಾರೆ, ನಮ್ಮಿಬ್ಬರ ನಡುವೆ ಎರಡು ಕಾಲವೂ ನನ್ನದೇ ಆಗಿಬಿಟ್ಟಿತು, ನೋಡು. ಬಾ ಎಂದು ಹೇಳುತ್ತಿದ್ದೇನೆ. ತಡವಾಗಿ ಹೇಳುತ್ತಿದ್ದೇನೆ. ನಿನ್ನ ಯಜಮಾನರನ್ನೂ ಕರೆದುಕೊಂಡು ಬಾ, ಅವರ ತಂದೆ ಬಸ್ಸಿನಲ್ಲಿ ಕೂರಬಲ್ಲರಾದರೆ ಅವರೂ ಬರಲಿ. ಜಾಗ ಸಾಲದಿದ್ದರೆ ನಾನು ಅಡುಗೆಮನೆಯಲ್ಲಿ ಮಲಗುತ್ತೇನೆ, ಚಳಿಗಾಲದಲ್ಲಿ ಹೇಗೂ ಅಲ್ಲೇ ಮಲಗುವವಳು.

ಚಿಣ್ಣಿಗೆ ನನ್ನ ಮುತ್ತು, ಬೆನ್ನಿಗೊಂದು ಗುದ್ದು. ನಿನ್ನ ಯಜಮಾನರ ತಂದೆಗೆ ನಮಸ್ಕಾರ ತಿಳಿಸು. ನೀವೆಲ್ಲ ನೂರ್ಕಾಲ ತಣ್ಣಗಿರಿ.

ಇಂತು,
ನಿನ್ನ ಅತ್ತೆ
(ಬೇರೆ ಹೇಗೆ ರುಜು ಹಾಕಬೇಕೋ ತಿಳಿಯಲಿಲ್ಲ)

ಮರೆತ ಮಾತು: ಸೋಮವಾರ ಬೆಳಿಗ್ಗೆ. ಅಂಚೆಗೆ ಹಾಕಲು ಹೊರಟವಳು ಬೀದಿಯ ತಿರುವಿನಿಂದ ಹಿಂದೆ ಬಂದು ಲಕೋಟೆ ಬಿಚ್ಚಿದ್ದೇನೆ. ಎಂಟಕ್ಕೆ ಹೊರಡಬೇಕು, ಬೇಗ ಬರೆಯುತ್ತೇನೆ. ಇಷ್ಟುದ್ದ ಬರೆದೂ ನಿನ್ನ ನಾಲ್ಕನೆಯ ಪತ್ರದ ಕೊನೆಯ ಸಾಲನ್ನು ಮುಟ್ಟಲಿಲ್ಲ. ಧೈರ್ಯವಾಗಲಿಲ್ಲ. ನಾಲ್ಕು ತಿಂಗಳು ತುಂಬಿತು ಎಂದು ನೀನು ಬರೆದಿದ್ದೆ. ಈಗ ಏಳಕ್ಕೆ ಬಂದಿರಬೇಕು. ಓದಿದ ದಿನ ಮೊದಲು ಬಂದದ್ದು ಹೊಟ್ಟೆಕಿಚ್ಚು, ನನ್ನ ಮಗನದ್ದಲ್ಲವಲ್ಲ ಎಂದು. ಕ್ಷಮಿಸು. ಅದು ಒಂದೇ ದಿನ ಇತ್ತು. ಆಮೇಲೆ ಬಂದ ಯೋಚನೆ ಇನ್ನೂ ಹೋಗಿಲ್ಲ. ಆ ಮನೆಯಲ್ಲಿ ಹೆಣ್ಣು ದಿಕ್ಕಿಲ್ಲ, ನಿನ್ನನ್ನು ಹೆತ್ತವಳೂ ಇಲ್ಲ. ಚಿಣ್ಣಿ ಹುಟ್ಟಿದಾಗ ನೀನು ಹೇಗೆ ಬಳಲಿದ್ದೆ ಎಂದು ನೋಡಿದವಳು ನಾನೊಬ್ಬಳೇ. ನಾನು ಎರಡು ತಿಂಗಳ ರಜೆ ಬರೆದುಕೊಟ್ಟಿದ್ದೇನೆ. ಇಲ್ಲಿ ಕಳೆಯಲೋ, ಅಲ್ಲಿಗೆ ಬಂದು ಕಳೆಯಲೋ, ನೀನು ಹೇಳು.